ಆಯತಪ್ಪಿ ಬಿದ್ದದ್ದು ಯಾರು? ಮನೆಯ ಏಣಿಯದೊಂದು ಚರಿತ್ರೆ

ಪತ್ರಿಕೋದ್ಯಮ ಓದಿ ಹೊರಬಂದ ನಮ್ಮಲ್ಲಿ ಹಲವರಿಗೆ ಜಿಲ್ಲಾ ಪುಟದಲ್ಲಿ ಮೊದಲು ಸಿಕ್ಕ ಕೆಲಸ ನಾಲ್ಕು ಸಾಲಿನ ಸುದ್ದಿ ಬರೆಯುವುದು. ಠಾಣೆಗೆ ಫೋನ್ ಮಾಡಬೇಕು, ಹೆಸರು, ವಯಸ್ಸು, ಊರು ಬರೆದುಕೊಳ್ಳಬೇಕು, ಸಂಜೆಯೊಳಗೆ ಕಳಿಸಬೇಕು. ‘ಕಾಳುಮೆಣಸು ಕೊಯ್ಯುತ್ತಿದ್ದಾಗ ಏಣಿಯಿಂದ ಆಯತಪ್ಪಿ ಬಿದ್ದು ಕಾರ್ಮಿಕ ಸಾವು.’ ‘ಮನೆಗೆ ಬಣ್ಣ ಬಳಿಯುತ್ತಿದ್ದಾಗ ಆಯತಪ್ಪಿ ಬಿದ್ದು ಗಾಯ.’ ಇಂಥವನ್ನು ನಾವು ಎಷ್ಟು ಬರೆದಿದ್ದೇವೋ ಲೆಕ್ಕವಿಲ್ಲ. ‘ಆಯತಪ್ಪಿ’ ಎಂಬ ಒಂದು ಪದ ಬಿದ್ದರೆ ಸುದ್ದಿ ಮುಗಿಯಿತು. ಏಣಿ ಯಾವುದು, ಎಷ್ಟು ಎತ್ತರದ್ದು, ಯಾರು ತಂದದ್ದು, ಕೆಳಗೆ ಯಾರಾದರೂ ಹಿಡಿದಿದ್ದರೇ ಎಂದು ಯಾರೂ ಕೇಳುವುದಿಲ್ಲ. ನಾವೂ ಕೇಳಲಿಲ್ಲ.

ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ ನಮ್ಮ ಗುಂಪಿನ ಗೆಳತಿಯೊಬ್ಬಳ ಅಪ್ಪಯ್ಯ ಬಿದ್ದರು. ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ. ಮಳೆ ಹಿಡಿಯುವ ಮೊದಲು ಮಾಡಿನಂಚಿನ ತಗಡಿನ ದೋಣಿಯಲ್ಲಿ ತುಂಬಿದ್ದ ತರಗೆಲೆ ತೆಗೆಯಬೇಕಿತ್ತು. ಮನೆಗೆ ಹೊಸದಾಗಿ ಮಡಚುವ ಅಲ್ಯೂಮಿನಿಯಂ ಏಣಿ ಬಂದಿತ್ತು. ಒಬ್ಬರೇ ಎತ್ತಬಹುದು, ಒಬ್ಬರೇ ನಿಲ್ಲಿಸಬಹುದು ಎಂದೇ ಅದನ್ನು ಕೊಂಡದ್ದು. ಅಮ್ಮ ಒಳಗೆ ಹಪ್ಪಳದ ಹಿಟ್ಟು ಕಲಸುತ್ತಿದ್ದರು. ಶಬ್ದ ಕೇಳಿ ಹೊರಗೆ ಓಡಿ ಬರುವಷ್ಟರಲ್ಲಿ ಅಪ್ಪಯ್ಯ ಅಂಗಳದಲ್ಲಿ ಕೂತಿದ್ದರು. ಹಿಮ್ಮಡಿಯ ಮೂಳೆ ಮುರಿದಿತ್ತು. ಮೂರು ತಿಂಗಳು ನೆಲಕ್ಕೆ ಕಾಲೂರುವಂತಿರಲಿಲ್ಲ.

ನೆಂಟರ ಫೋನುಗಳಿಗೆಲ್ಲ ಗೆಳತಿ ಒಂದೇ ಉತ್ತರ ಕೊಡುತ್ತಿದ್ದಳು: ‘ಏಣಿಯಿಂದ ಆಯತಪ್ಪಿ ಬಿದ್ರು.’ ನಾಲ್ಕನೇ ಸಲವೋ ಐದನೇ ಸಲವೋ ಮಂಚದಿಂದಲೇ ಅಪ್ಪಯ್ಯ ಗದರಿದರು: ‘ನಾನು ಆಯ ತಪ್ಪಿದ್ದಲ್ಲ ಮಾರಾಯ್ತಿ, ಏಣಿ ಆಯ ತಪ್ಪಿದ್ದು.’

ಆ ಮಾತು ನಮ್ಮನ್ನು ಬಿಡಲಿಲ್ಲ. ಆಯ ಎಂದರೆ ಅಳತೆ, ಹದ, ಸಮತೋಲ. ಅದು ಹತ್ತುವವನ ಕಾಲಿನಲ್ಲಿ ಮಾತ್ರ ಇರುತ್ತದೆಯೇ? ನಮ್ಮ ಮನೆಗಳಿಗೆ ಈ ಏಣಿ ಬಂದದ್ದು ಹೇಗೆ, ಬರುವಾಗ ಏನನ್ನು ತಂದಿತು, ಏನನ್ನು ಬಿಟ್ಟು ಬಂತು? ಹುಡುಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆಳಗೆ ನಿಂತ ಭಾವ

ಏಣಿ ನಮ್ಮದೇ ಹಳೆಯ ಪದ. ತಮಿಳು, ಮಲಯಾಳಗಳಲ್ಲೂ ಅದು ಏಣಿಯೇ. ನಮ್ಮ ಗುಂಪಿನ ಉತ್ತರ ಕರ್ನಾಟಕದ ಗೆಳೆಯರು ಮಾತ್ರ ‘ನಿಚ್ಚಣಿಕಿ’ ಎನ್ನುತ್ತಾರೆ. ಅದು ಸಂಸ್ಕೃತದ ‘ನಿಃಶ್ರೇಣಿ’ಯಿಂದ ಬಂದದ್ದು. ತೆಲುಗಿನ ‘ನಿಚ್ಚೆನ’ ಕೂಡ ಅದರದೇ ಬಳಗ. ಒಂದೇ ನಾಡಿನಲ್ಲಿ ಒಂದು ವಸ್ತುವಿಗೆ ಎರಡು ಹೆಸರು ಗಟ್ಟಿಯಾಗಿ ನಿಂತಿವೆ ಎಂದರೆ ಅದು ಎಲ್ಲ ಕಡೆಯೂ ದಿನಬಳಕೆಯಲ್ಲಿತ್ತು ಎಂದೇ ಅರ್ಥ.

ಮನುಷ್ಯ ಏಣಿಯಂಥದ್ದನ್ನು ಹತ್ತುವ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು ಸ್ಪೇನ್ ದೇಶದ ವೇಲೆನ್ಸಿಯಾ ಪ್ರಾಂತ್ಯದ ಬಿಕೋರ್ಪ್ ಬಳಿಯ ಗುಹೆಯಲ್ಲಿದೆ. ಸುಮಾರು 8,000 ವರ್ಷ ಹಿಂದಿನದು ಎನ್ನಲಾಗುವ ಆ ಚಿತ್ರದಲ್ಲಿ ಒಂದು ಜೀವ ಬಳ್ಳಿಗಳನ್ನು ಹಿಡಿದು ನೇತಾಡುತ್ತ ಬಂಡೆಯ ಜೇನುಗೂಡಿಗೆ ಕೈ ಹಾಕಿದೆ. ಸುತ್ತ ಜೇನುಹುಳುಗಳು ಹಾರುತ್ತಿವೆ. ಎತ್ತರದಲ್ಲಿ ಸಿಹಿ ಇದೆ, ನಡುವೆ ಬೀಳುವ ಭಯವಿದೆ. ಅಂದಿನಿಂದ ಇಂದಿನವರೆಗೆ ಏಣಿಯ ಕತೆ ಇಷ್ಟೇ.

ಈ ಭಯವನ್ನು ಸಂಭಾಳಿಸಲು ಜನ ಮಾಡಿಕೊಂಡ ಮೊದಲ ಏರ್ಪಾಡು ಹಿಡಿದುಕೊಳ್ಳಲು ಒಬ್ಬ ಮನುಷ್ಯ. ನೀಲಗಿರಿಯ ಕುರುಂಬರು ಕಡಿದಾದ ಬಂಡೆಯಿಂದ ಹೆಜ್ಜೇನು ಕೀಳಲು ಬಳ್ಳಿಯ ಏಣಿ ಇಳಿಬಿಟ್ಟಾಗ ಅದನ್ನು ಕಾಯುವ ಹೊಣೆ ಹೆಂಡತಿಯ ಅಣ್ಣತಮ್ಮಂದಿರದು ಎಂಬ ರೂಢಿ ದಾಖಲಾಗಿದೆ. ಒಡಹುಟ್ಟಿದವನಿಗೆ ಆಸ್ತಿಯ ಆಸೆ ಇರಬಹುದು, ಆದರೆ ತನ್ನ ತಂಗಿ ವಿಧವೆಯಾಗಲಿ ಎಂದು ಯಾವ ಭಾವನೂ ಬಯಸಲಾರ ಎಂಬುದು ಅದರ ಹಿಂದಿನ ಲೆಕ್ಕ. ಏಣಿ ಗಟ್ಟಿಯಾಗಿದ್ದರೆ ಸಾಲದು, ಅದನ್ನು ಹಿಡಿದವನಿಗೆ ನಿನ್ನ ಜೀವ ಬೇಕಾಗಿರಬೇಕು. ಕಾಡಿನ ಜನ ಇದನ್ನು ನಂಟಸ್ತನದಲ್ಲೇ ಕಟ್ಟಿ ಇಟ್ಟಿದ್ದರು.

ಬಿದಿರಿನ ಕಾಲ

ನಮ್ಮ ಅಜ್ಜಂದಿರ ಕಾಲದಲ್ಲಿ ಏಣಿಯನ್ನು ಕೊಳ್ಳುತ್ತಿರಲಿಲ್ಲ, ಮಾಡಿಸುತ್ತಿದ್ದರು. ಬಿದಿರನ್ನು ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿಯಬೇಕು, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ ಎನ್ನುತ್ತಿದ್ದರು. ಕಡಿದ ಗಳವನ್ನು ಕೆರೆಯಲ್ಲೋ ಹಳ್ಳದಲ್ಲೋ ಕೆಲವು ವಾರ ಮುಳುಗಿಸಿಡುತ್ತಿದ್ದರು. ಬಿದಿರಿನೊಳಗಿನ ಪಿಷ್ಟ ನೀರಿಗೆ ಬಿಟ್ಟುಕೊಂಡರೆ ಹುಳುವಿಗೆ ತಿನ್ನಲು ಏನೂ ಉಳಿಯುವುದಿಲ್ಲ ಎಂದು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಆಮೇಲೆ ನೆರಳಲ್ಲಿ ಒಣಗಿಸುವುದು, ಅಡುಗೆಮನೆಯ ಹೊಗೆ ತಾಗುವಂತೆ ಅಟ್ಟದಲ್ಲಿಡುವುದು.

ಮಲೆನಾಡು, ಕೊಡಗಿನ ತೋಟಗಳಲ್ಲಿ ಒಂಟಿ ಬಿದಿರಿನ ಏಣಿ ಇತ್ತು, ಕೆಲವು ಕಡೆ ಈಗಲೂ ಇದೆ. ಒಂದೇ ಗಳ. ಗಿಣ್ಣಿನ ಬಳಿಯ ಕವಲನ್ನು ಪೂರ್ತಿ ಸವರದೆ ಗೇಣುದ್ದ ಬಿಟ್ಟರೆ ಅದೇ ಮೆಟ್ಟಿಲು. ಅಡಿಕೆ ಮರಕ್ಕೆ ಕೊನೆಗೌಡ ಏಣಿಯಿಲ್ಲದೆಯೇ ಹತ್ತುತ್ತಾನೆ. ಆದರೆ ಕಾಳುಮೆಣಸಿನ ಬಳ್ಳಿಗೆ ಕಾಲು ಕೊಟ್ಟರೆ ಬಳ್ಳಿಯೇ ಹೋಗುತ್ತದೆ. ಹಾಗಾಗಿ ಅಲ್ಲಿ ಒಂಟಿ ಏಣಿಯೇ ಬೇಕು. ಅದನ್ನು ಮರಕ್ಕೆ ಒರಗಿಸಿ ಹಗ್ಗದಿಂದ ಕಟ್ಟಿದ ಮೇಲೆಯೇ ಹತ್ತುವುದು.

ಏಣಿಯ ಕೆಲಸವೂ ಹೆಚ್ಚುತ್ತ ಹೋಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಹುಲ್ಲಿನ ಮಾಡುಗಳು ನಿಧಾನವಾಗಿ ಹೆಂಚಿಗೆ ತಿರುಗಿದವು. ಬೆಂಕಿಯ ಹೆದರಿಕೆ ಕಡಿಮೆಯಾಯಿತು. ಆದರೆ ಮಂಗ ಕುಣಿದು ಒಡೆದದ್ದು, ಗಾಳಿಗೆ ಜರುಗಿದ್ದು, ತೆಂಗಿನ ಮಡಲು ಬಿದ್ದು ಪುಡಿಯಾದದ್ದು ಎಂದು ಪ್ರತಿ ಬೇಸಗೆಯಲ್ಲೂ ಯಾರಾದರೊಬ್ಬರು ಮಾಡು ಹತ್ತಲೇಬೇಕಾಯಿತು. ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಮೆಣಸಿನಕಾಯಿ, ಶಾವಿಗೆ, ಸಂಡಿಗೆ ಒಣಗಿಸಲು ನಿಚ್ಚಣಿಕಿ ಗೋಡೆಗೆ ಸದಾ ಒರಗಿರುತ್ತಿತ್ತು. ‘ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ’ ಎಂಬ ಗಾದೆ ಅಟ್ಟವಿದ್ದ ಮನೆಗಳಿಂದ ಬಂತು. ‘ಅಟ್ಟಕ್ಕೇರಿಸಿ ಏಣಿ ತೆಗೆದ ಹಾಗೆ’ ಎಂಬುದಂತೂ ಏಣಿಯ ಬುಡದಲ್ಲಿ ನಿಂತವನ ಕುರಿತೇ ಇರುವ ಗಾದೆ. ನಂಬಿಕೆದ್ರೋಹಕ್ಕೆ ಅದಕ್ಕಿಂತ ಒಳ್ಳೆಯ ಹೋಲಿಕೆ ನಮ್ಮವರಿಗೆ ಸಿಗಲಿಲ್ಲ.

ಬಿದಿರಿನ ಏಣಿಯ ಜೊತೆಗೆ ಅದರ ಶಾಸ್ತ್ರವೂ ಬರುತ್ತಿತ್ತು. ಗೆಳತಿಯ ಮನೆಯ ತೋಟದಲ್ಲಿ ನಲವತ್ತು ವರ್ಷ ದುಡಿದ ಹಿರಿಯರೊಬ್ಬರನ್ನು ಕೇಳಿದೆವು. ಅವರು ಹೇಳಿದ್ದು: ‘ಹತ್ತುಕ್ಕೆ ಒಬ್ಬ, ಹಿಡ್ಕಳಕ್ಕೆ ಒಬ್ಬ. ಹಿಡ್ಕಂಡವ ಎಲೆ ಅಡಿಕೆಗೂ ಕೈ ಬಿಡಂಗಿಲ್ಲ. ಮಳೆಗಾಲ ಕಳೆದ ಮೇಲೆ ಮೊದಲ ಸಲ ಏಣಿ ತೆಗೆದರೆ ನೆಲದ ಮೇಲೆ ಮಲಗ್ಸಿ ಒಂದೊಂದು ಮೆಟ್ಟಿಲೂ ತುಳಿದು ನೋಡ್ಬೇಕು. ಕಿರ್ ಅಂದ್ರೆ ಅದು ಒಲೆಗೆ.’

ಇದನ್ನು ಕೇಳಿ ಹಳೆಯದೆಲ್ಲ ಚಿನ್ನ ಎಂದುಕೊಂಡರೆ ತಪ್ಪಾಗುತ್ತದೆ. ಬಿದಿರು ಸೀಳುತ್ತಿತ್ತು, ಹಗ್ಗ ಹರಿಯುತ್ತಿತ್ತು, ಜನ ಬೀಳುತ್ತಿದ್ದರು. ಹತ್ತುತ್ತಿದ್ದವರು ಹೆಚ್ಚಾಗಿ ಕೂಲಿಯವರು, ಕೆಳಗೆ ನಿಂತು ಮೇಲೆ ಕೈ ತೋರಿಸುತ್ತಿದ್ದವರು ಒಡೆಯರು. ಬಿದ್ದವರ ಹೆಸರು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಆ ಹಿರಿಯರ ಎಡಗೈಯೂ ಮೊಣಕೈಯಲ್ಲಿ ಪೂರ್ತಿ ನೇರವಾಗುವುದಿಲ್ಲ. ‘ಅದು ಎಳೆ ಬಿದಿರು, ಅವಸರಕ್ಕೆ ಕಡಿದದ್ದು’ ಎಂದರು. ಅಂದರೆ ಅವರಿಗೂ ಗೊತ್ತು, ಆಯ ತಪ್ಪಿದ್ದು ಏಣಿಯದು.

ಹಿಡಿಯುವವರು ಬೇಡದ ಏಣಿ

ಗೋಡೆಯೂ ಬೇಡ, ಮನುಷ್ಯನೂ ಬೇಡ, ತಾನಾಗಿ ನಿಲ್ಲುವ ಏಣಿಯ ಚರಿತ್ರೆಯಲ್ಲಿ 1862 ಮುಖ್ಯವಾದ ವರ್ಷ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದ ಬಡಗಿ ಜಾನ್ ಬಾಲ್ಸ್‌ಲಿ ಆ ವರ್ಷದ ಜನವರಿಯಲ್ಲಿ ಮಡಚುವ ಮರದ ಏಣಿಗೆ ಪೇಟೆಂಟ್ ಪಡೆದರು. ದುಂಡನೆಯ ಅಡ್ಡಕೋಲುಗಳ ಬದಲು ಪಾದ ಪೂರ್ತಿ ಊರಬಲ್ಲ ಚಪ್ಪಟೆ ಮೆಟ್ಟಿಲು, ಹಿಂದೆ ಆಸರೆಗೆ ಇನ್ನೊಂದು ಜೊತೆ ಕಾಲು, ನಡುವೆ ಕೀಲು. ಬಿಚ್ಚಿದರೆ ಇಂಗ್ಲಿಷಿನ ‘ಎ’ ಅಕ್ಷರದಂತೆ ನಿಲ್ಲುತ್ತದೆ, ಮಡಚಿದರೆ ಬಾಗಿಲ ಹಿಂದೆ ಹಿಡಿಸುತ್ತದೆ. ಇಂದು ನಮ್ಮ ಮನೆಗಳಲ್ಲಿರುವ ಸ್ಟೆಪ್ ಲ್ಯಾಡರ್‌ಗಳೆಲ್ಲ ಇದೇ ಕುಲದವು.

ಇದು ಸಣ್ಣ ಬದಲಾವಣೆಯಲ್ಲ. ಅಲ್ಲಿಯವರೆಗೆ ಏಣಿ ಇಬ್ಬರ ಕೆಲಸವಾಗಿತ್ತು, ಇನ್ನು ಒಬ್ಬರದಾಯಿತು. ಕೆಳಗಿನವನ ಎರಡು ಕೈ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಕೀಲು ಮತ್ತು ಎರಡು ಪಟ್ಟಿ ಮಾಡಬೇಕು. ಕೀಲು ಮೈಗಳ್ಳತನ ಮಾಡುವುದಿಲ್ಲ ನಿಜ. ಆದರೆ ಅದು ‘ತಡಿ, ನಾನಿನ್ನೂ ಹಿಡ್ಕಂಡಿಲ್ಲ’ ಎಂದು ಕೂಗಿ ಹೇಳುವುದೂ ಇಲ್ಲ.

ಎರಡು ಲೋಹದ ದಾರಿಗಳು

ಅಲ್ಯೂಮಿನಿಯಂ ಒಂದು ಕಾಲದಲ್ಲಿ ಶ್ರೀಮಂತರ ಲೋಹ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಹೆರೂ ಇಬ್ಬರೂ ಬೇರೆ ಬೇರೆಯಾಗಿ, ವಿದ್ಯುತ್ ಹರಿಸಿ ಅದನ್ನು ಅಗ್ಗವಾಗಿ ಬೇರ್ಪಡಿಸುವ ದಾರಿ ಕಂಡುಕೊಂಡರು. ಆಮೇಲೆ ಅದು ಪಾತ್ರೆ, ಕಿಟಕಿ, ವಿಮಾನ, ಏಣಿ ಎಲ್ಲವೂ ಆಯಿತು. ಬೆಳಗಾವಿಯಲ್ಲೂ ಬಾಕ್ಸೈಟ್ ಅದಿರಿನ ಆಧಾರದ ಮೇಲೆ ಅಲ್ಯೂಮಿನಿಯಂ ಉದ್ಯಮ ಬೆಳೆಯಿತು. ಹಗುರ, ತುಕ್ಕು ಹಿಡಿಯದು, ಗೆದ್ದಲು ತಿನ್ನದು. ಏಣಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ?

ಅದೇ ಕಾಲದಲ್ಲಿ ಇನ್ನೊಂದು ಲೋಹ ನಮ್ಮ ತಲೆಯ ಮೇಲೆ ಹಾದುಹೋಗಲು ಶುರುವಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದಾಗ ಸೀಮೆಎಣ್ಣೆ ದೀಪ ಹಚ್ಚುವವರ ಕೆಲಸ ಮುಗಿಯುತ್ತ ಬಂತು. ಆದರೆ ಬೀದಿಯಿಂದ ಹೊರಟ ಏಣಿ ಮನೆಯೊಳಕ್ಕೆ ಬಂತು. ಬಲ್ಬು, ಟ್ಯೂಬ್‌ಲೈಟು, ಸೀಲಿಂಗ್ ಫ್ಯಾನು, ಅಟ್ಟದ ಬದಲಿಗೆ ಕಾಂಕ್ರೀಟಿನ ಸಜ್ಜಾ ಹೀಗೆ ಕೈಗೆಟುಕದ ವಸ್ತುಗಳು ಮನೆ ತುಂಬ ತುಂಬಿಕೊಂಡವು. ಹಳ್ಳಿಗಳಲ್ಲಿ ತೋಟದ ಮೇಲೆ, ಗದ್ದೆಯ ಮೇಲೆ, ಕೊಟ್ಟಿಗೆಯ ಪಕ್ಕದಲ್ಲಿ ತಂತಿ ಹಾದವು.

ಬಿದಿರು ಮಾತ್ರ ಕೈತಪ್ಪುತ್ತ ಹೋಯಿತು. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ‘ಮರ’ದ ಲೆಕ್ಕಕ್ಕೆ ಸೇರಿಸಿತ್ತು. ಸಸ್ಯಶಾಸ್ತ್ರದ ಪ್ರಕಾರ ಹುಲ್ಲಾದ ಬಿದಿರು ಕಾಡಿನ ಹೊರಗೆ ಬೆಳೆದದ್ದಾದರೆ ಮರವಲ್ಲ ಎಂದು ಕೇಂದ್ರದ ಕಾನೂನು ತಿದ್ದಿಕೊಂಡದ್ದು 2017ರಲ್ಲಿ. ಜೊತೆಗೆ, ಹಲವು ದಶಕಗಳಿಗೊಮ್ಮೆ ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಸಾಯುವುದು ಬಿದಿರಿನ ಗುಣ. 2010ರ ಆಸುಪಾಸಿನಲ್ಲಿ ನಾಗರಹೊಳೆ, ಬಂಡೀಪುರದ ಕಡೆ ಮೆಳೆಗಟ್ಟಲೆ ಬಿದಿರು ಹೂಬಿಟ್ಟು ಒಣಗಿತು. ಏಣಿ ಮಾಡಬಲ್ಲ ಕೈಗಳೂ ಪೇಟೆಯ ದಾರಿ ಹಿಡಿದಿದ್ದವು. ಮೂರು ವರ್ಷಕ್ಕೊಮ್ಮೆ ಬಿದಿರು ಹುಡುಕುವುದಕ್ಕಿಂತ ಒಮ್ಮೆ ಅಲ್ಯೂಮಿನಿಯಂ ತಂದರೆ ಮುಗಿಯಿತು ಎಂದು ಬೆಳೆಗಾರರು ಲೆಕ್ಕ ಹಾಕಿದರು. ಲೆಕ್ಕ ತಪ್ಪೇನೂ ಆಗಿರಲಿಲ್ಲ.

ಆದರೆ ಎರಡು ಲೋಹದ ದಾರಿಗಳು ತೋಟದಲ್ಲಿ ಅಡ್ಡ ಹಾಯ್ದವು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಏಣಿಯನ್ನು ಒಂದು ಮರದಿಂದ ಇನ್ನೊಂದು ಮರಕ್ಕೆ ನೆಟ್ಟಗೆ ಹಿಡಿದೇ ಹೊತ್ತೊಯ್ಯುವುದು ಅಭ್ಯಾಸ. ಒಣ ಬಿದಿರಿನ ಕಾಲದಲ್ಲಿ ಅದು ಅಷ್ಟು ಅಪಾಯದ್ದಾಗಿರಲಿಲ್ಲ. ಇಪ್ಪತ್ತು ಅಡಿಯ ಅಲ್ಯೂಮಿನಿಯಂ ಏಣಿಯ ತುದಿ ಕೊಂಬೆಗಳ ನಡುವೆ ಕಾಣದ ತಂತಿಗೆ ತಾಗಿದರೆ ಹಿಡಿದವರು ಉಳಿಯುವುದಿಲ್ಲ. ಒಬ್ಬನನ್ನು ಬಿಡಿಸಲು ಹೋದ ಇನ್ನೊಬ್ಬನೂ ಸತ್ತ ಸುದ್ದಿಗಳಿವೆ. ಸತ್ತವರಲ್ಲಿ ಹಲವರು ದೂರದ ಊರಿನಿಂದ ಮೆಣಸು ಕೊಯ್ಲಿಗೆ ಬಂದವರು, ಆ ತೋಟದಲ್ಲಿ ತಂತಿ ಎಲ್ಲೆಲ್ಲಿ ಹಾದಿದೆ ಎಂದು ತಿಳಿಯದವರು. ಬಿದಿರಿನ ಏಣಿಯನ್ನು ಕಳಚಿ ಲೋಹದ ಏಣಿ ಕೊಟ್ಟಾಗ ಹೊರುವ ರೀತಿಯೂ ಬದಲಾಗಬೇಕು ಎಂದು ಅವರಿಗೆ ಹೇಳುವವರು ಇರಲಿಲ್ಲ. ನಮ್ಮ ನಾಲ್ಕು ಸಾಲಿನ ಸುದ್ದಿಯಲ್ಲೂ ಅದು ಇರಲಿಲ್ಲ.

ಉದ್ದವಾಗುವ, ಗಿಡ್ಡವಾಗುವ ಏಣಿ

1970ರ ದಶಕದ ಆರಂಭದಲ್ಲಿ ಅಮೆರಿಕದ ಹಾಲ್ ವಿಂಗ್ ಎಂಬವರು ಜರ್ಮನಿಯಲ್ಲಿದ್ದಾಗ ಪೇಂಟರ್ ಒಬ್ಬ ರೂಪಿಸಿದ್ದ ಕೀಲಿನ ಏಣಿಯನ್ನು ಕಂಡರು. ಒಂದೇ ಏಣಿ ಗೋಡೆಗೂ ಒರಗುತ್ತದೆ, ತಾನಾಗಿಯೂ ನಿಲ್ಲುತ್ತದೆ, ಉದ್ದವೂ ಹೆಚ್ಚು ಕಡಿಮೆಯಾಗುತ್ತದೆ. ಅವರು ಅದನ್ನು ಯೂಟಾ ರಾಜ್ಯದಲ್ಲಿ ‘ಲಿಟಲ್ ಜೈಂಟ್’ ಎಂಬ ಹೆಸರಿನಲ್ಲಿ ತಯಾರಿಸಿ ಮಾರಿದರು. ಮುಂದೆ ನಾಲ್ಕು ಮಡಿಕೆಯ ಏಣಿ, ಛತ್ರಿಯ ಕೋಲಿನಂತೆ ಒಂದರೊಳಗೊಂದು ಇಳಿಯುವ ಟೆಲಿಸ್ಕೋಪಿಕ್ ಏಣಿ ಎಲ್ಲವೂ ಬಂದವು. ಈಗ ಮೊಬೈಲಿನಲ್ಲಿ ಒತ್ತಿದರೆ ಮೂರನೇ ದಿನ ಬಾಗಿಲಿಗೆ ಬರುತ್ತವೆ.

ಇವುಗಳ ಗುಣವೇ ಇವುಗಳ ಅಪಾಯವೂ ಹೌದು. ಬಿದಿರಿನ ಏಣಿಗೆ ಆಕಾರ ಒಂದೇ. ಇದಕ್ಕೆ ಹತ್ತು ಆಕಾರ, ಹತ್ತಾರು ಲಾಕು. ಎಲ್ಲವೂ ಕೂತಿರಬೇಕು, ಒಂದು ಕೂರದಿದ್ದರೂ ಸಾಕು. ಯುರೋಪಿನ ಇಎನ್ 131 ಮಾನದಂಡವನ್ನು ಬಿಗಿ ಮಾಡಿ, 2018ರಿಂದ ಮೂರು ಮೀಟರಿಗಿಂತ ಉದ್ದದ ಒರಗಿಸುವ ಏಣಿಗೆ ಬುಡದಲ್ಲಿ ಅಗಲವಾದ ಅಡ್ಡಪಟ್ಟಿ ಇರಲೇಬೇಕೆಂದರು. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೋದ ಐಎಸ್ 3696ರ ಎರಡನೇ ಭಾಗ ಏಣಿಗಳ ಸುರಕ್ಷತೆಯ ಕುರಿತಾದದ್ದೇ. ಅದು ದೊಡ್ಡ ಕಟ್ಟಡದ ಗುತ್ತಿಗೆದಾರರ ಕಡತದಲ್ಲಿದೆ, ನಮ್ಮ ಮನೆಯ ಹಿತ್ತಿಲಿಗೆ ಇಳಿದಿಲ್ಲ.

ಅಪ್ಪಯ್ಯನ ಏಣಿಯನ್ನು ನಾವು ಆಮೇಲೆ ಅಂಗಳದಲ್ಲಿ ಹರವಿಕೊಂಡು ನೋಡಿದೆವು. ನಾಲ್ಕು ಮಡಿಕೆ, ಮೂರು ಜೊತೆ ಕೀಲು. ಮೇಲಿನ ಜೊತೆಯಲ್ಲಿ ಎಡಗಡೆಯದು ಪೂರ್ತಿ ಕೂರಬೇಕಾದರೆ ‘ಟಕ್’ ಎಂದು ಎರಡು ಸಲ ಶಬ್ದ ಬರಬೇಕು. ಒಂದೇ ಸಲ ಬಂದರೆ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಜೊತೆಗೆ ಬಂದಿದ್ದ ಕಾಗದದಲ್ಲಿ ಅದನ್ನು ಬರೆದಿತ್ತು, ಇರುವೆಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ. ಎಪ್ಪತ್ತು ದಾಟಿದ ಅಪ್ಪಯ್ಯನ ಕನ್ನಡಕಕ್ಕೆ ಅದು ನಿಲುಕುವಂತಿರಲಿಲ್ಲ. ಓದಬಲ್ಲ ಮಗಳು ಊರಿನಲ್ಲಿರಲಿಲ್ಲ.

ಕೊಳ್ಳುವ ಮುಂಚೆ

ಹಾಗಾಗಿ ಆ ಕಾಗದದಲ್ಲಿ ಕನ್ನಡದಲ್ಲಿ ಇರಬೇಕಾಗಿದ್ದದ್ದನ್ನು, ಇಷ್ಟು ಚರಿತ್ರೆ ಓದಿದ ಮೇಲೆ ನಮಗೆ ತಿಳಿದಷ್ಟು ಬರೆಯುತ್ತೇವೆ.

ಮೊದಲು ಎತ್ತರ. ಸಾಮಾನ್ಯ ಆಳು ಕೈ ಮೇಲೆತ್ತಿ ಕೆಲಸ ಮಾಡಿದರೆ ಪಾದದಿಂದ ಸುಮಾರು ಆರೂವರೆ ಅಡಿ ಎಟುಕುತ್ತದೆ. ತಾನಾಗಿ ನಿಲ್ಲುವ ಏಣಿಯ ತುದಿಯ ಎರಡು ಮೆಟ್ಟಿಲು ನಿಲ್ಲಲಿಕ್ಕಲ್ಲ. ಹತ್ತು ಅಡಿಯ ತಾರಸಿ ಮನೆಯಲ್ಲಿ ಮೂರೂವರೆ ಅಡಿ ಎತ್ತರದಲ್ಲಿ ನಿಂತರೆ ಸಾಕು, ಅಂದರೆ ಆರು ಅಡಿಯ ಏಣಿ ಸಾಕು. ಹದಿನಾಲ್ಕು ಅಡಿಯ ಹೆಂಚಿನ ಮನೆಯ ಒಳಮಾಡಿಗೆ ಹತ್ತು ಅಡಿಯದು ಬೇಕು. ಗಿಡ್ಡ ಏಣಿ ತಂದು ತುದಿಯಲ್ಲಿ ನಿಲ್ಲುವವರೇ ಹೆಚ್ಚು ಬೀಳುವುದು. ಆರು ಅಡಿಯ ಕೆಲಸಕ್ಕೆ ಹದಿನಾರು ಅಡಿಯದು ತಂದರೆ ಭಾರಕ್ಕೆ ಮೂಲೆ ಸೇರುತ್ತದೆ, ಮತ್ತೆ ಪ್ಲಾಸ್ಟಿಕ್ ಕುರ್ಚಿಯೇ ಗತಿಯಾಗುತ್ತದೆ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ನಾಲ್ಕು ಮಡಿಕೆಯ ಏಣಿಯ ಡಬ್ಬದ ಮೇಲೆ ‘16 ಅಡಿ’ ಎಂದಿದ್ದರೆ ಅದು ಪೂರ್ತಿ ಬಿಚ್ಚಿ ಗೋಡೆಗೆ ಒರಗಿಸಿದಾಗಿನ ಉದ್ದ. ‘ಎ’ ಆಕಾರದಲ್ಲಿ ನಿಲ್ಲಿಸಿದರೆ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಂಗಡಿಯಲ್ಲಿ ಎರಡೂ ಎತ್ತರ ಕೇಳಿ.

ಎರಡನೆಯದು ಭಾರ. ಯುರೋಪಿನ ಮಾನದಂಡದಲ್ಲಿ ಏಣಿ 150 ಕಿಲೋ ತಡೆಯಬೇಕು. ನಿಮ್ಮ ತೂಕ ಮಾತ್ರವಲ್ಲ, ಕೈಯ ಬಕೆಟ್ಟು, ಸಜ್ಜಾದಿಂದ ಇಳಿಸುವ ತಾಮ್ರದ ಹಂಡೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಚೀಟಿಯಲ್ಲಿ ಬರೆದದ್ದನ್ನೇ ನಂಬದೆ ಅಂಗಡಿಯಲ್ಲೇ ಬಿಚ್ಚಿಸಿ ಎರಡನೇ ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಓಲಾಡಿ ನೋಡಿ. ಕೀಲಿನಲ್ಲಿ ಆಟ ಇದ್ದರೆ ಬೇಡ.

ಮೂರನೆಯದು ವಸ್ತು. ವಿದ್ಯುತ್ ಕೆಲಸ ಇರುವಲ್ಲಿ, ತಂತಿಯ ಸನಿಹದಲ್ಲಿ ಅಲ್ಯೂಮಿನಿಯಂ ಬೇಡ, ಫೈಬರ್ ಏಣಿ ಬೇಕು. ಬೆಲೆ ಹೆಚ್ಚು, ಭಾರವೂ ಹೆಚ್ಚು. ಒಣ ಬಿದಿರು, ಒಣ ಮರ ಲೋಹಕ್ಕಿಂತ ವಾಸಿ. ಆದರೆ ನೆಂದ ಬಿದಿರಿನಲ್ಲೂ ವಿದ್ಯುತ್ ಹರಿಯುತ್ತದೆ.

ನಾಲ್ಕನೆಯದು ನಿಮ್ಮ ನೆಲ. ಮೆಟ್ಟಿಲ ಮೇಲೆ ಏಣಿ ಇಡಬೇಕಾದ ಮನೆಯಾದರೆ ಎರಡೂ ಬದಿಯ ಕಾಲನ್ನು ಬೇರೆ ಬೇರೆ ಉದ್ದಕ್ಕೆ ನಿಲ್ಲಿಸಬಹುದಾದ ಏಣಿಯನ್ನೇ ಕೊಳ್ಳಿ. ಗಿಡ್ಡ ಕಾಲಿಗೆ ಇಟ್ಟಿಗೆ, ಪುಸ್ತಕ, ಮಣೆ ಕೊಡುವ ಅಭ್ಯಾಸ ಬಿಡಿ.

ಹತ್ತುವ ಮುಂಚೆ

ಏಣಿಯನ್ನು ಮಲಗಿಸಿ ನೋಡಿ. ಕಾಲಿನ ರಬ್ಬರು ಸವೆದಿದ್ದರೆ ರೆಡ್ ಆಕ್ಸೈಡ್ ನೆಲದಲ್ಲಿ, ಟೈಲ್ಸಿನಲ್ಲಿ ಜಾರುವುದು ಖಂಡಿತ. ರಬ್ಬರು ಬೇರೆಯಾಗಿ ಸಿಗುತ್ತದೆ, ಹಾಕಿಸಿ. ಪ್ರತಿ ಲಾಕನ್ನೂ ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ, ಕೈಯಿಂದ ಎಳೆದು ನೋಡಿ. ‘ಎ’ ಆಕಾರದ್ದಾದರೆ ನಡುವಿನ ಪಟ್ಟಿ ಪೂರ್ತಿ ಚಾಚಿರಬೇಕು. ಅದನ್ನು ಮಡಚಿಕೊಂಡೇ ಗೋಡೆಗೆ ಒರಗಿಸಿ ಹತ್ತಬಾರದು. ಟೆಲಿಸ್ಕೋಪಿಕ್ ಏಣಿಯನ್ನು ಇಳಿಸುವಾಗ ಬೆರಳು ಮೆಟ್ಟಿಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಎಚ್ಚರ.

ಒರಗಿಸುವ ಏಣಿಗೆ ನಾಲ್ಕಕ್ಕೊಂದರ ಲೆಕ್ಕ. ಹನ್ನೆರಡು ಅಡಿ ಎತ್ತರದಲ್ಲಿ ಒರಗಿದರೆ ಬುಡ ಗೋಡೆಯಿಂದ ಮೂರು ಅಡಿ ದೂರ. ಇದಕ್ಕಿಂತ ಹತ್ತಿರ ಇಟ್ಟರೆ ಹಿಂದಕ್ಕೆ ಮಗುಚುತ್ತದೆ, ದೂರ ಇಟ್ಟರೆ ಬುಡ ಜಾರುತ್ತದೆ. ಮಾಡಿಗೆ ಹತ್ತಿ ಇಳಿಯಬೇಕಾದರೆ ಏಣಿಯ ತುದಿ ಅಂಚಿನಿಂದ ಮೂರಡಿ ಮೇಲಿರಬೇಕು, ತುದಿಯನ್ನು ಕಟ್ಟಿರಬೇಕು.

ಮುಖ ಏಣಿಯ ಕಡೆ ಇರಲಿ. ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಅಂಗ ಏಣಿಯ ಮೇಲಿರಲಿ. ಹೊಕ್ಕುಳು ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. ಪಕ್ಕಕ್ಕೆ ಬಾಗಿ ಇನ್ನೊಂದು ಗೇಣು ಎಟುಕಿಸುವ ಆಸೆಯೇ ಹೆಚ್ಚಿನವರನ್ನು ಕೆಡವುವುದು. ಇಳಿದು ಏಣಿ ಸರಿಸಿ ಮತ್ತೆ ಹತ್ತಿ. ನಿಂತ ಏಣಿಯಿಂದ ಸಜ್ಜಾಕ್ಕೆ ಅಡ್ಡ ಕಾಲು ಹಾಕಬೇಡಿ. ಒದ್ದೆ ಕಾಲು, ಹವಾಯಿ ಚಪ್ಪಲಿ, ಕಾಲಿಗೆ ಸಿಕ್ಕುವ ಪಂಚೆ ಸೀರೆ ಬೇಡ. ರಕ್ತದೊತ್ತಡದ ಮಾತ್ರೆಯಿಂದ ತಲೆ ತಿರುಗುವವರು ಹತ್ತುವುದೇ ಬೇಡ.

ದೀಪ, ಫ್ಯಾನಿನ ಕೆಲಸಕ್ಕೆ ಸ್ವಿಚ್ ಆರಿಸಿದರೆ ಸಾಲದು, ಮೇನ್ ಇಳಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಮೇನ್ ಇಳಿಸಿದ ಕೂಡಲೇ ಅದು ತಂತಿಗೆ ಕರೆಂಟು ತುಂಬುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಹೊರಗೆ ಏಣಿ ಒಯ್ಯುವಾಗ ಮಲಗಿಸಿ ಇಬ್ಬರು ಹಿಡಿದು ಒಯ್ಯಿರಿ, ನೆಟ್ಟಗೆ ಬೇಡ. ಮೊದಲು ತಲೆಯೆತ್ತಿ ತಂತಿ ಎಲ್ಲಿದೆ ನೋಡಿ. ಕನಿಷ್ಠ ಹತ್ತು ಅಡಿ ದೂರವಿರಲಿ, ಹೈಟೆನ್ಷನ್ ಲೈನಾದರೆ ಇನ್ನೂ ದೂರ. ಕೂಲಿಗೆ ಬಂದವರಿದ್ದರೆ ಕೊಯ್ಲಿನ ಮೊದಲ ದಿನ ಅವರ ಜೊತೆ ತೋಟ ಸುತ್ತಿ ತಂತಿ ತೋರಿಸಿ. ಅರ್ಧ ಗಂಟೆಯ ಕೆಲಸ. ತಂತಿ ಕೊಂಬೆಗೆ ತಾಗುವಷ್ಟು ಕೆಳಗಿದ್ದರೆ ವಿದ್ಯುತ್ ಕಂಪನಿಗೆ ಬರೆದು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಯಾರಿಗಾದರೂ ಏಣಿಯ ಮೂಲಕ ಶಾಕ್ ಹೊಡೆದಿದ್ದರೆ ಅವರನ್ನಾಗಲಿ ಏಣಿಯನ್ನಾಗಲಿ ಮುಟ್ಟಬೇಡಿ. ದೂರದಲ್ಲೇ ನಿಂತು ಲೈನ್ ಆಫ್ ಮಾಡಿಸಿ.

ಕೊನೆಯದು, ಎಲ್ಲಕ್ಕಿಂತ ಹಳೆಯದು. ತಾನಾಗಿ ನಿಲ್ಲುವ ಏಣಿಯಾದರೂ ಕೆಳಗೆ ಒಬ್ಬರು ಇರಲಿ. ಹಿಡಿಯಲಿಕ್ಕೆ ಮಾತ್ರವಲ್ಲ, ‘ಸಾಕು, ಇಳೀರಿ’ ಎನ್ನಲಿಕ್ಕೆ, ಸ್ಪ್ಯಾನರು ಕೊಡಲಿಕ್ಕೆ, ಬಿದ್ದರೆ ಕೂಗಲಿಕ್ಕೆ.

ಸುದ್ದಿಯ ಐದನೇ ಸಾಲು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಆಕಸ್ಮಿಕ ಸಾವುಗಳನ್ನು ಲೆಕ್ಕ ಹಾಕುವಾಗ ಎತ್ತರದಿಂದ ಬಿದ್ದದ್ದು, ವಿದ್ಯುತ್ ತಗುಲಿದ್ದು ಎಂದು ಬೇರೆ ಬೇರೆ ಕಾಲಂ ಇಟ್ಟಿದೆ. ಏಣಿಗೆ ಕಾಲಂ ಇಲ್ಲ. ಲೋಹದ ಏಣಿ ತಂತಿಗೆ ತಾಗಿ ಸತ್ತವನು ಒಂದು ಕಡೆ, ಕೀಲು ಬಿಚ್ಚಿಕೊಂಡು ಬಿದ್ದವನು ಇನ್ನೊಂದು ಕಡೆ. ಇಬ್ಬರ ನಡುವೆ ಇದ್ದ ಏಣಿ ಲೆಕ್ಕದಿಂದ ಹೊರಗೆ.

ನಮ್ಮಲ್ಲಿ ಈಗಲೂ ಸುದ್ದಿಮನೆಯಲ್ಲಿರುವವರು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಇನ್ನು ಮುಂದೆ ಇಂಥ ಸುದ್ದಿಗೆ ಐದನೇ ಸಾಲು ಸೇರಿಸುವುದು: ಏಣಿ ಯಾವುದರದ್ದು, ಎಷ್ಟು ಉದ್ದದ್ದು, ಕೆಳಗೆ ಯಾರಿದ್ದರು, ತಂತಿ ಎಷ್ಟು ಎತ್ತರದಲ್ಲಿತ್ತು. ಪುಟದಲ್ಲಿ ಜಾಗವಿಲ್ಲ ಎಂದು ಡೆಸ್ಕಿನವರು ಕತ್ತರಿಸಬಹುದು. ಕೇಳಿದ್ದಂತೂ ಆಗುತ್ತದೆ. ಕೇಳಿದರೆ ಠಾಣೆಯವರೂ ಬರೆದುಕೊಳ್ಳುತ್ತಾರೆ. ‘ಆಯತಪ್ಪಿ’ ಎಂಬ ಪದವನ್ನು, ಯಾರ ಆಯ ಎಂದು ತಿಳಿಯುವವರೆಗೆ, ನಾವು ಬಳಸುವುದಿಲ್ಲ.

ಈ ವರ್ಷವೂ ಮೇ ಕೊನೆಯಲ್ಲಿ ಗೆಳತಿಯ ಮನೆಯ ದೋಣಿಯಲ್ಲಿ ತರಗೆಲೆ ತುಂಬಿತ್ತು. ಅಪ್ಪಯ್ಯ ಹತ್ತಲಿಲ್ಲ. ಹಿಮ್ಮಡಿ ಈಗಲೂ ಮೋಡ ಕವಿದರೆ ನೋಯುತ್ತದಂತೆ. ಗೆಳತಿ ಹತ್ತಿದಳು. ಏಣಿಯ ಮೇಲೆ ಬಿಳಿ ಬಣ್ಣದಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ ಅವಳೇ ಬರೆದಿದ್ದಾಳೆ: ‘ಎರಡು ಸಲ ಟಕ್.’ ಬುಡದಲ್ಲಿ ಅಮ್ಮ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಅಪ್ಪಯ್ಯ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು, ‘ಬಾಗಬೇಡ, ಇಳಿದು ಸರಿಸು’ ಎನ್ನುತ್ತಲೇ ಇದ್ದರು. ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಸಂಜೆ ಮಳೆ ಬಂದಾಗ ನೀರು ದೋಣಿಯಲ್ಲೇ ಸರಾಗ ಹರಿಯಿತು.